ಜಿಪ್ಪು ಎಳೆದರೆ ಆಟ ಶುರು

ನಮ್ಮ ಮನೆಯ ನೆಲ ಯಾವ ಬಣ್ಣದ್ದು ಎಂದು ನನಗೆ ಏಳು ವರ್ಷವಾಗುವವರೆಗೂ ಸರಿಯಾಗಿ ಗೊತ್ತಿರಲಿಲ್ಲ. ಯಾವಾಗ ನೋಡಿದರೂ ಅದರ ಮೇಲೆ ನೀಲಿ ಬಟ್ಟೆಯ ಚೂರುಗಳು ಬಿದ್ದಿರುತ್ತಿದ್ದವು. ಬಳ್ಳಾರಿಯ ಆಚೆ, ಆಂಧ್ರಕ್ಕೆ ಸೇರಿದ ರಾಯದುರ್ಗದ ಬೆಟ್ಟದ ಕೆಳಗಿನ ಓಣಿಯಲ್ಲಿ ನಮ್ಮ ಮನೆ. ಪಡಸಾಲೆಯಲ್ಲಿ ಐದು ಹೊಲಿಗೆ ಮಷೀನು, ಅವುಗಳ ನಡುವೆ ಅಪ್ಪ ಪ್ಯಾಂಟಿನ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಒಳಗೊಂದು ನಡುಮನೆ, ಅದರಾಚೆ ಅಡುಗೆಮನೆ, ಅಷ್ಟೆ. ಜೀನ್ಸ್ ಬಟ್ಟೆಯ ಧೂಳು ನಮ್ಮ ತಟ್ಟೆಯವರೆಗೂ ಬರುತ್ತಿತ್ತು. ರೊಟ್ಟಿಯಲ್ಲಿ ನೀಲಿ ದಾರ ಸಿಕ್ಕರೆ ಯಾರೂ ಗಲಾಟೆ ಮಾಡುತ್ತಿರಲಿಲ್ಲ; ಎಳೆದು ಪಕ್ಕಕ್ಕಿಟ್ಟು ಮುಂದಿನ ತುತ್ತು ಮುರಿಯುತ್ತಿದ್ದೆವು. ಐದು ಮಷೀನು ಒಟ್ಟಿಗೆ ಓಡುವಾಗ ಮಾತು ಕೇಳಿಸಬೇಕಾದರೆ ಕೂಗಲೇಬೇಕು. ಹಾಗಾಗಿ ನಮ್ಮ ಮನೆಯವರಿಗೆಲ್ಲ ದೊಡ್ಡ ದನಿ. ತೊಂದರೆಯಾಗುತ್ತಿದ್ದುದು ಕರೆಂಟು ಹೋದಾಗ. ಮಷೀನುಗಳು ಒಮ್ಮೆಗೇ ನಿಂತುಬಿಡುತ್ತಿದ್ದವು, ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಯಾರು ಯಾರ ಕಿವಿಯ ಹತ್ತಿರ ಏನು ಕೂಗುತ್ತಿದ್ದರೋ ಅದು ಇಡೀ ಓಣಿಗೆ ಕೇಳುತ್ತಿತ್ತು. ಟೇಲರು ಮಾಬೂ ಮಾಮನ ಮೂಲವ್ಯಾಧಿಯ ಸಂಗತಿ ಓಣಿಗೆಲ್ಲ ಗೊತ್ತಾದದ್ದು ಹಾಗೆಯೇ. ಅಂಥ ಮನೆಯಲ್ಲೂ ಒಂದು ಗುಟ್ಟು ಆರು ತಿಂಗಳು ಗಟ್ಟಿಯಾಗಿ ಉಳಿದಿತ್ತು. ಅದು ಹೊರಬಂದದ್ದು ನಾನು ಮಾಡಿದ ಬೊಂಬೆಯಾಟದ ಪೆಟ್ಟಿಗೆಯಿಂದ.

ನನಗೆ ಇಬ್ಬರು ಅಜ್ಜಿಯರು. ಅಪ್ಪನ ತಾಯಿ ಬಸಮ್ಮಜ್ಜಿ ನಮ್ಮ ಜೊತೆಯೇ ಇದ್ದಳು. ಎತ್ತರದ ಆಳು, ಮೂಗಿನ ಎರಡೂ ಕಡೆ ಮೂಗುತಿ, ಹಣೆಗೆ ಮೂರು ಬೆರಳಿನ ವಿಭೂತಿ. ಅವ್ವನ ತಾಯಿ ಪುಟ್ಟಮ್ಮಜ್ಜಿ ಮಡಕಶಿರದಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಅವಳು ಕುಳ್ಳಿ, ದುಂಡಗೆ, ಅರಿಶಿನ ಹಚ್ಚಿದ ಕೆನ್ನೆ. ಒಬ್ಬಳು ‘ಯಾಕ’ ಅಂದರೆ ಇನ್ನೊಬ್ಬಳು ‘ಅದ್ಯಾಕೆ’ ಅನ್ನುವಳು. ಒಬ್ಬಳಿಗೆ ಜೋಳದ ರೊಟ್ಟಿ, ಇನ್ನೊಬ್ಬಳಿಗೆ ರಾಗಿ ಮುದ್ದೆ. ಒಬ್ಬಳ ಸಾರು ಇನ್ನೊಬ್ಬಳ ನಾಲಿಗೆಗೆ ಸೇರುತ್ತಿರಲಿಲ್ಲ. ಆದರೂ ಪುಟ್ಟಮ್ಮಜ್ಜಿ ವರ್ಷಕ್ಕೆರಡು ಸಲ ಕಡಲೆಕಾಯಿ ಚೀಲ ಹೊತ್ತು ಬರುವಳು, ಬೇಸಿಗೆ ರಜೆಗೆ ನನ್ನನ್ನು ಕರೆದುಕೊಂಡು ಹೋಗುವಳು. ನನ್ನ ಪಾಲಿಗೆ ವರ್ಷವೆಂದರೆ ಆ ರಜೆ, ಉಳಿದದ್ದೆಲ್ಲ ಅದಕ್ಕೆ ಕಾಯುವ ದಿನಗಳು.

ಅವ್ವನ ಮದುವೆಯಲ್ಲಿ ಪುಟ್ಟಮ್ಮಜ್ಜಿ ಒಂದು ಕೈಮಷೀನು ಕೊಟ್ಟಿದ್ದಳು. ಬಲಗೈಯಲ್ಲಿ ಹಿಡಿ ತಿರುಗಿಸುತ್ತ ಎಡಗೈಯಲ್ಲಿ ಬಟ್ಟೆ ದೂಡುವ ಮಷೀನು. ಕಪ್ಪು ಮೈ, ಅದರ ಮೇಲೆ ಬಂಗಾರದ ಬಣ್ಣದ ಹೂಬಳ್ಳಿ, ಮೇಲೊಂದು ಮರದ ಮುಚ್ಚಳ. ಮುಚ್ಚಳ ಅಂದರೆ ತಟ್ಟೆಯಂಥದ್ದಲ್ಲ. ಮಷೀನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ, ಬೆನ್ನು ಉಬ್ಬಿದ, ಎತ್ತಿಕೊಳ್ಳಲು ಹಿಡಿಕೆಯಿದ್ದ ಪೆಟ್ಟಿಗೆ. ಆ ಮಷೀನಿನ ಮೇಲೆ ಅವ್ವ ವರ್ಷಗಟ್ಟಲೆ ಜೇಬು ಹೊಲಿದಳು. ಮುಚ್ಚಳ ಬಹುಬೇಗ ಅಡುಗೆಮನೆ ಸೇರಿತು. ನಮ್ಮ ಓಣಿಯಲ್ಲಿ ಒಂದು ಕಳ್ಳ ಬೆಕ್ಕಿತ್ತು. ಅದು ಎಂಥ ತಟ್ಟೆಯನ್ನಾದರೂ ಸರಿಸಿ ಮೊಸರು ನೆಕ್ಕುತ್ತಿತ್ತು. ಮಷೀನಿನ ಮುಚ್ಚಳವನ್ನು ಮೊಸರಿನ ಗಡಿಗೆಯ ಮೇಲೆ ಕವುಚಿಹಾಕುವ ಉಪಾಯ ಬಸಮ್ಮಜ್ಜಿಯದು. ಅಷ್ಟು ಭಾರದ್ದನ್ನು ಬೆಕ್ಕು ಎತ್ತಲಾರದು. ನಮ್ಮ ಮೊಸರಿಗೆ ಮಷೀನಿನ ಎಣ್ಣೆಯ ವಾಸನೆ ಇತ್ತು. ನಾನು ಎಲ್ಲರ ಮನೆಯ ಮೊಸರೂ ಹಾಗೆಯೇ ಎಂದುಕೊಂಡಿದ್ದೆ.

ಆಮೇಲೆ ಊರಿಗೆ ಕರೆಂಟಿನ ಮಷೀನುಗಳು ಬಂದವು. ಹಳೆಯದನ್ನು ಒಯ್ದು ಹೊಸದನ್ನು ಕೊಡುವ ವ್ಯಾಪಾರಿಯೊಬ್ಬ ದೀಪಾವಳಿ ಕಳೆದ ಮೇಲೆ ಒಂದು ದಿನ ಓಣಿಗೆ ಬಂದ. ಅಪ್ಪ ಬಟ್ಟೆ ತರಲು ಬಳ್ಳಾರಿಗೆ ಹೋಗಿದ್ದರು, ಅವ್ವ ಪ್ಯಾಂಟಿನ ಗುಂಡಿ ತರಲು ಪೇಟೆಗೆ. ಅವರು ಬರುವಷ್ಟರಲ್ಲಿ ಬಸಮ್ಮಜ್ಜಿ ಯಾರನ್ನೂ ಕೇಳದೆ ಕೈಮಷೀನನ್ನು ಕೊಟ್ಟು ಕರೆಂಟಿನ ಮಷೀನು ಇಳಿಸಿಕೊಂಡಿದ್ದಳು. ವ್ಯಾಪಾರಿ ಮುಚ್ಚಳವನ್ನೂ ಕೇಳಿದನಂತೆ. ಅದರ ಕೆಳಗೆ ಮೊಸರು ಇದ್ದುದರಿಂದ ಕೊಡಲಿಲ್ಲವಂತೆ. ಅವ್ವ ಬಂದು ಖಾಲಿ ಜಾಗ ನೋಡಿದಳು. ಹೊಸ ಮಷೀನಿನ ಮುಂದೆ ಕುಳಿತು, ಸೀರೆಯ ಸೆರಗಿನಿಂದ ಒಂದು ಸಲ ಮುಖ ಒರೆಸಿಕೊಂಡು ಕಾಲೊತ್ತಿದಳು. ತನ್ನ ತಾಯಿಗೆ ಮಾತ್ರ ಈ ಸುದ್ದಿ ಮುಟ್ಟಿಸಲಿಲ್ಲ.

ಯುಗಾದಿಗೆ ಪುಟ್ಟಮ್ಮಜ್ಜಿ ಬಂದಳು. ಕಡಲೆಕಾಯಿ ಚೀಲದ ಜೊತೆಗೆ, ಚಿಟ್ಟೆ ತೂತು ಮಾಡಿ ಹೊರಬಿದ್ದ ಹಳದಿ ರೇಷ್ಮೆ ಗೂಡುಗಳನ್ನು ಪೋಣಿಸಿ ನಮ್ಮ ಬಾಗಿಲಿಗೆಂದು ಒಂದು ತೋರಣವನ್ನೂ ತಂದಿದ್ದಳು. ಪಡಸಾಲೆ ದಾಟಿ ನೇರ ಅಡುಗೆಮನೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

“ಇದೇನೇ ಇದು? ಮುಚ್ಚಳ ಇಲ್ಲೈತೆ, ಮಿಷನ್ನೆಲ್ಲೇ?”

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

“ಕೊಟ್ವಿ ಕಣವ್ವ. ಈಗ ಕರೆಂಟಿಂದು ಐತಲ್ಲ.”

“ಯಾರು ಕೊಟ್ಟೋರು? ನೀನಾ?”

ಅವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿ, ಅತ್ತೆ ಇದ್ದ ಪಡಸಾಲೆಯ ಕಡೆ ನೋಡಿದಳು. ಪುಟ್ಟಮ್ಮಜ್ಜಿ ಪಡಸಾಲೆಗೆ ಬಂದು, ಓಡುತ್ತಿದ್ದ ಐದೂ ಮಷೀನುಗಳ ಮೇಲೆ ದನಿ ಎತ್ತಿದಳು.

“ಹೊಸಾ ಮಿಷನ್ನು! ನಮ್ಮೂರ ಪೇಟೆಯಾಗೆ ಹತ್ತು ಜನ ನೋಡೋ ಹಂಗೆ ಗಾಡಿ ಮ್ಯಾಲೆ ಇಟ್ಟು ಕಳಿಸಿದ್ದೆ. ಹೊಸಾ ಮಿಷನ್ನು ಕಣ್ರಪ್ಪ! ಅದನ್ನ ಹೇಳ್ದಂಗೆ ಕೇಳ್ದಂಗೆ ಎತ್ತಿ ಕೊಟ್ಟವ್ರೆ. ಬೆಕ್ಕು ಮುಟ್ದಂಗೆ ಮೊಸರು ಮುಚ್ಕೊಳ್ಲಿ ಅಂತ ನಾನು ಕೊಡ್ಸಿದ್ನಾ?”

ಇಂಥ ಕಡೆ ಸುಮ್ಮನಿರುವ ಹೆಂಗಸಲ್ಲ ಬಸಮ್ಮಜ್ಜಿ. ತರಕಾರಿಯವನ ಜೊತೆ ಅವಳು ಜಗಳಕ್ಕೆ ನಿಂತರೆ ಕೊನೆಗೆ ಅವನೇ ಕೊತ್ತಂಬರಿ ಕೊಟ್ಟು ಕೈಮುಗಿಯುತ್ತಿದ್ದ. ಈಗ ಕಣ್ಣರಳಿಸಿಕೊಂಡು ಎದ್ದಳು. ಬಾಯಿ ತೆರೆದಳು. ತಾಯಿಯ ಹಿಂದೆಯೇ ಬಂದು ನಿಂತಿದ್ದ ಅವ್ವನ ಕಡೆ ಒಮ್ಮೆ ನೋಡಿದಳು. ಮತ್ತೆ ಬಾಯಿ ಮುಚ್ಚಿ, ಕೈಯಲ್ಲಿದ್ದ ನೀರಿನ ಚೊಂಬನ್ನು ಬೀಗಿತ್ತಿಯ ಮುಂದಿಟ್ಟು ಒಳಗೆ ಹೋದಳು. ಪುಟ್ಟಮ್ಮಜ್ಜಿಗೆ ಅದು ಸೊಕ್ಕಿನಂತೆ ಕಂಡಿತು. ನನಗೂ ಹಾಗೆಯೇ ಕಂಡಿತು.

“ಇನ್ ಈ ಮನೆ ನೀರು ನನ್ ಗಂಟ್ಲಾಗೆ ಇಳಿಯಾಕಿಲ್ಲ” ಎಂದು ಪುಟ್ಟಮ್ಮಜ್ಜಿ ಚೊಂಬನ್ನು ಮುಟ್ಟದೆ, ಹಬ್ಬದ ಹೋಳಿಗೆಯನ್ನೂ ತಿನ್ನದೆ, ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟಳು. ಕಡಲೆಕಾಯಿ ಚೀಲವನ್ನೂ ತೋರಣವನ್ನೂ ಸಿಟ್ಟಿನಲ್ಲಿ ಮರೆತಿದ್ದಳು.

ಅವತ್ತಿನಿಂದ ಅವ್ವ ಬದಲಾದಳು. ಕೆಲಸ ಮಾಡುತ್ತ ತೆಲುಗು ಸಿನಿಮಾದ ಹಾಡು ಗುನುಗುವ ಅಭ್ಯಾಸವಿತ್ತು ಅವಳಿಗೆ, ಅದು ನಿಂತುಹೋಯಿತು. ಅತ್ತೆಯ ಜೊತೆ ಮಾತು ಬೇಕಾದಷ್ಟೇ. ಅಪ್ಪ ಮಡಕಶಿರಕ್ಕೆ ಬರೆದ ಎರಡು ಕಾರ್ಡಿಗೆ ಉತ್ತರವಿಲ್ಲ. ಮುಚ್ಚಳ ಕಂಡರೆ ಅವ್ವನ ಕಣ್ಣು ತುಂಬುತ್ತಿತ್ತು, ಅದಕ್ಕೆ ಬಸಮ್ಮಜ್ಜಿಯೇ ಒಂದು ದಿನ ಅದನ್ನು ಅಡುಗೆಮನೆಯಿಂದ ಎತ್ತಿ ತಂದು ಕಟಿಂಗ್ ಮೇಜಿನ ಕೆಳಗೆ ತಳ್ಳಿದಳು. ಮರುದಿನವೇ ಬೆಕ್ಕು ಗಡಿಗೆಗೆ ಬಾಯಿ ಹಾಕಿತು. ರಜೆಗೆ ಇನ್ನು ಒಂದು ತಿಂಗಳಿರಲಿಲ್ಲ. ಈ ಸಲ ಕರೆದುಕೊಂಡು ಹೋಗಲು ಯಾರೂ ಬರುವುದಿಲ್ಲ ಎಂದು ನನಗೆ ಮೆಲ್ಲಗೆ ಅರ್ಥವಾಗತೊಡಗಿತು. ನಾನು ಸಿಟ್ಟುಗೊಂಡು ಮೇಜಿನ ಕೆಳಗೆ ಸೇರಿಕೊಂಡೆ. ಅಲ್ಲಿ ನಾನು ಮತ್ತು ಮುಚ್ಚಳ ಇಬ್ಬರೇ.

ಮಕ್ಕಳಿಗೆ ಬೊಂಬೆ ಮಾಡುವುದನ್ನು ಕಲಿಸುವ ಟೀಚರಾಗಿ ಈಗ ನನಗೆ ಇಪ್ಪತ್ತು ವರ್ಷ ಆಗುತ್ತ ಬಂತು. ನಿಮಗೆ ಯಾರು ಕಲಿಸಿದರು ಎಂದು ಕೇಳುವವರಿಗೆ ನಾನು ನಿಜ ಹೇಳಿದರೆ ತಮಾಷೆ ಎಂದುಕೊಳ್ಳುತ್ತಾರೆ. ಯಾರೂ ಕಲಿಸಲಿಲ್ಲ. ಮೇಜಿನ ಕೆಳಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಮುಚ್ಚಳವನ್ನು ಪಕ್ಕಕ್ಕೆ ಮಲಗಿಸಿದಾಗ ಅದರ ತೆರೆದ ಬಾಯಿ ನನ್ನ ಕಡೆ ತಿರುಗಿತು. ಒಳಗೆ ಒಂದು ಪುಟ್ಟ ಮನೆಯೇ ಇತ್ತು. ಈಗ ಮೇಲಾಗಿದ್ದ ಹಲಗೆ ಒಣಗಿ ಉದ್ದಕ್ಕೂ ಒಂದು ಬೆರಳು ತೂರುವಷ್ಟು ಸೀಳಿತ್ತು. ಆ ಸೀಳಿನಿಂದ ಹುಣಸೆ ಕಡ್ಡಿಯೊಂದನ್ನು ಇಳಿಬಿಟ್ಟು ಆ ತುದಿಯಿಂದ ಈ ತುದಿಗೆ ಓಡಿಸಿದೆ. ಕಡ್ಡಿ ಮನೆಯೊಳಗೆ ನಡೆದುಹೋಯಿತು. ನನ್ನ ಇಡೀ ಜೀವನದ ಕೆಲಸ ಆ ಸೀಳಿನಿಂದ ಶುರುವಾಯಿತು ಎಂದರೆ ಸುಳ್ಳಲ್ಲ.

ಮಾರನೆಯ ದಿನದಿಂದ ನಾನು ಪಡಸಾಲೆಯ ಕಸವನ್ನೆಲ್ಲ ಹೆಕ್ಕತೊಡಗಿದೆ. ಮುರಿದ ಛತ್ರಿಯ ಕಡ್ಡಿಗಳು ಸಿಕ್ಕವು, ಹುಣಸೆ ಕಡ್ಡಿಗಿಂತ ಗಟ್ಟಿ. ಬೊಂಬೆಯ ನೆತ್ತಿಗೆ ಕಡ್ಡಿ ಚುಚ್ಚಿ ಸೀಳಿನಿಂದ ಇಳಿಬಿಟ್ಟರೆ ಮೇಲಿನಿಂದ ಆಡಿಸಬಹುದು. ದಾರ ಮುಗಿದ ರಟ್ಟಿನ ಕೋನು ನಮ್ಮಲ್ಲಿ ರಾಶಿರಾಶಿ ಬೀಳುತ್ತಿತ್ತು. ಎತ್ತರದ ಒಂದು ಕೋನಿಗೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದೆ, ಮೂಗಿನ ಎರಡು ಕಡೆ ಪ್ಯಾಂಟಿನ ಜೇಬಿಗೆ ಹೊಡೆಯುವ ತಾಮ್ರದ ಗುಂಡು ಒತ್ತಿದೆ, ಬೆಲ್ಟು ತೂರಿಸುವ ಪಟ್ಟಿಗಳನ್ನು ಕೈ ಮಾಡಿ ಅಂಟಿಸಿದೆ. ಯಾರು ನೋಡಿದರೂ ಬಸಮ್ಮಜ್ಜಿ. ತೋರಣದಿಂದ ದುಂಡಗಿನ ಒಂದು ಹಳದಿ ಗೂಡು ಕಿತ್ತು ಅದಕ್ಕೆ ಗುಂಡಿಯ ಕಣ್ಣು ಹಚ್ಚಿ, ಜೀನ್ಸ್ ಚೂರಿನ ಸೀರೆ ಉಡಿಸಿದೆ. ಅದು ಪುಟ್ಟಮ್ಮಜ್ಜಿ. ನಾನು ಅವರನ್ನು ಕೋನಜ್ಜಿ, ಗೂಡಜ್ಜಿ ಎಂದು ಕರೆದೆ. ಪಾತ್ರೆ ತಿಕ್ಕುವ ತೆಂಗಿನ ನಾರು ಬೆಕ್ಕಾಯಿತು. ಉಳಿದದ್ದು ಪರದೆ. ಅದಕ್ಕೆ ಮಾಬೂ ಮಾಮ ನೆರವಾದರು. ಅವರು ನಮ್ಮ ಮನೆಯ ಹಳೆಯ ಟೇಲರು, ಜಿಪ್ಪು ಕೂರಿಸುವುದರಲ್ಲಿ ಕೈ ಪಳಗಿದವರು. ಜೇಬಿನೊಳಗೆ ಹಾಕುವ ಬಿಳಿ ಬಟ್ಟೆಯ ಎರಡು ತುಂಡು ತೆಗೆದುಕೊಂಡು ನಡುವೆ ಉದ್ದನೆಯ ಹಿತ್ತಾಳೆ ಜಿಪ್ಪು ಹೊಲಿದು ಮುಚ್ಚಳದ ಬಾಯಿಗೆ ಮೊಳೆ ಹೊಡೆದು ಕೊಟ್ಟರು. ಜಿಪ್ಪು ಎಳೆದರೆ ಆಟ ಶುರು, ಏರಿಸಿದರೆ ಮುಕ್ತಾಯ. ಬೊಂಬೆಗಳು ಒಳಗೇ ಇರುತ್ತಿದ್ದವು. ಹಿಡಿಕೆ ಹಿಡಿದು ಎತ್ತಿಕೊಂಡರೆ ನನ್ನ ನಾಟಕ ಎಲ್ಲಿಗೆ ಬೇಕಾದರೂ ಬರುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಟೇಲರುಗಳೆಲ್ಲ ಬೆವರು ಒರೆಸಿಕೊಳ್ಳುತ್ತ ಕುಳಿತರು. ಅವ್ವ ಗುಂಡಿ ತೂರಿಸುವ ಕಾಜಾ ಬಿಡಿಸುತ್ತಿದ್ದಳು, ಅಪ್ಪ ಮೇಜಿನ ಮೇಲೆ ಅಡ್ಡಾಗಿದ್ದರು. ಬಸಮ್ಮಜ್ಜಿ ನಡುಮನೆಯ ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

“ಬರ್ರಿ ಬರ್ರಿ, ಆಟ ಐತಿ!” ಎಂದು ಕೂಗಿ ನಾನು ಮುಚ್ಚಳವನ್ನು ಪಡಸಾಲೆಯ ನಡುವೆ ಇಟ್ಟು ಜಿಪ್ಪು ಎಳೆದೆ.

ಮೊದಲು ಬೆಕ್ಕು ಬಂತು, ಮೊಸರು ಕುಡಿಯಿತು, ಎಲ್ಲರೂ ನಕ್ಕರು. ಆಮೇಲೆ ಕೋನಜ್ಜಿ ಬಂದು ಬೆಕ್ಕನ್ನು ಅಟ್ಟಿದಳು. “ಹೋಗಬೇ ಕಳ್ಳಿ, ನಿನ್ನ ಬಾಯಿಗೆ ಮಣ್ಣು ಹಾಕ!” ಎಂದು ನಾನು ಬಸಮ್ಮಜ್ಜಿಯ ದನಿಯಲ್ಲಿ ಅಂದಾಗ ಮಾಬೂ ಮಾಮ ತೊಡೆ ತಟ್ಟಿಕೊಂಡರು. ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು. ನಾನು ಆಗ ಗೂಡಜ್ಜಿಯನ್ನು ಇಳಿಸಿದೆ.

“ಏನಮ್ಮ ಬೀಗಿತ್ತಿ, ನನ್ ಮಿಷನ್ನು ಅದ್ಯಾಕೆ ಕೊಟ್ಟೆ?”

ಕೋನಜ್ಜಿ ಈಗ ಉತ್ತರ ಕೊಡಬೇಕು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಯಾಕೆ ಕೊಟ್ಟಳು ಎಂದು ನನಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಅವಳನ್ನು ಕೇಳಿರಲಿಲ್ಲ. ನಾನು ಕೋನಜ್ಜಿಯನ್ನು ಸುಮ್ಮನೆ ಅತ್ತಿತ್ತ ಅಲ್ಲಾಡಿಸಿದೆ. ಅವ್ವ ತಲೆ ಎತ್ತಿ ನೋಡುತ್ತಿದ್ದಳು. ಇಂದಿಗೂ ನನ್ನ ತರಗತಿಯಲ್ಲಿ ಮಗುವೊಂದು ಬೊಂಬೆ ಹಿಡಿದು ಮಾತು ಸಿಗದೆ ನಿಂತರೆ ನಾನು ಹೇಳಿಕೊಡುವುದಿಲ್ಲ, ಕಾಯುತ್ತೇನೆ. ಅವತ್ತು ಕಾದದ್ದು ಎಷ್ಟು ಹೊತ್ತೋ ಗೊತ್ತಿಲ್ಲ. ಹೊಸ್ತಿಲ ಕಡೆಯಿಂದ ದನಿ ಬಂತು.

“ಹೇಳು ಆಕಿಗೆ. ನಿನ್ನ ಮಗಳ ಮುಂಗೈ ದಿನಾ ಸಂಜಿಗೆ ಬಾತಿರತಿತ್ತು ಅಂತ ಹೇಳು.”

ನಾನು ತಿರುಗಿ ನೋಡಿದೆ. ಬಸಮ್ಮಜ್ಜಿ ನನ್ನನ್ನು ನೋಡುತ್ತಿರಲಿಲ್ಲ, ಕೋನಜ್ಜಿಯನ್ನೇ ನೋಡುತ್ತಿದ್ದಳು.

“ಹೇಳಬೇ ಗೌರಿ, ಬಾಯಿ ಬಿಟಗೊಂಡು ನಿಂತ್ಯಲ್ಲ. ಆ ಹಿಡಿ ತಿರುವಿ ತಿರುವಿ ಹುಡುಗಿ ಕೈ ಬಾತು ರೊಟ್ಟಿ ತಟ್ಟಾಕ ಬರತಿದ್ದಿಲ್ಲ. ಕೇಳಿದ್ರ ಏನಿಲ್ರಿ ಅತ್ತಿ ಅಂತಿದ್ಲು. ತವರುಮನಿ ಮಷೀನು, ಆಕಿ ಸಾಯತನಕ ಬಿಡತಿದ್ದಿಲ್ಲ. ಅದಕ ಆಕಿ ಇಲ್ಲದಾಗ ಕೊಟ್ಟೆ. ಕೇಳದ ಕೊಟ್ಟಿದ್ದು ತಪ್ಪು. ಅದನ್ನೂ ಹೇಳು.”

ನಾನು ಅಷ್ಟನ್ನೂ ಕೋನಜ್ಜಿಯ ಬಾಯಲ್ಲಿ ಹೇಳಿಸಿದೆ. ಹೇಳುತ್ತ ಹೇಳುತ್ತ ಅವ್ವನ ಕಡೆ ನೋಡಿದರೆ ಅವಳು ತನ್ನ ಬಲಗೈಯ ಮುಂಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದಳು. ಆಮೇಲೆ ಎದ್ದುಹೋಗಿ ಅತ್ತೆಯ ಪಕ್ಕ ಹೊಸ್ತಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದಳು. ಕರೆಂಟು ಬಂತು. ಎಲ್ಲರೂ ಮಷೀನಿಗೆ ಹೋದರು, ಆ ಇಬ್ಬರು ಮಾತ್ರ ಬೆಳ್ಳುಳ್ಳಿ ಮುಗಿಯುವವರೆಗೆ ಏಳಲಿಲ್ಲ. ಒಂದು ತಿಂಗಳಿಗಾಗುವಷ್ಟು ಸುಲಿದಿಟ್ಟರು.

ಮರುದಿನ ಬಸಮ್ಮಜ್ಜಿ ಅಪ್ಪನಿಗೆ ಅಪ್ಪಣೆ ಮಾಡಿದಳು.

“ಇಕಿನ್ನ, ಇಕಿ ಪೆಟಗಿನ್ನ ಮಡಕಶಿರಕ್ಕ ಕರಕೊಂಡು ಹೋಗು. ನನ್ನ ಮಾತು ಬೀಗರು ಕೇಳಂಗಿಲ್ಲ. ಆ ಕೋನಿನ ಮಾತಾದ್ರೂ ಕೇಳಲಿ.”

ರಾಯದುರ್ಗದಿಂದ ಮಡಕಶಿರಕ್ಕೆ ಹೋಗುವುದೆಂದರೆ ಬಸ್ಸಿಳಿದು ಬಸ್ಸು ಹತ್ತುವ ಕೆಲಸ. ಮುಚ್ಚಳ ನನ್ನ ತೊಡೆಯ ಮೇಲಿತ್ತು, ಛತ್ರಿಯ ಕಡ್ಡಿಗಳು ಪಕ್ಕಕ್ಕೆ ಚಾಚಿಕೊಂಡಿದ್ದವು. ಕಲ್ಯಾಣದುರ್ಗ ದಾಟಿದ ಮೇಲೆ ಒಂದು ಕಡ್ಡಿ ಕಂಡಕ್ಟರನ ಸೊಂಟಕ್ಕೆ ಚುಚ್ಚಿತು.

“ಏಮುಂದಮ್ಮಾ ಪೆಟ್ಟೆಲೋ? ಮುಳ್ಳಪಂದಿನಾ?” ಎಂದ. ಪೆಟ್ಟಿಗೆಯಲ್ಲಿ ಮುಳ್ಳುಹಂದಿ ಇದೆಯೇ ಎಂದು ಅವನ ಅನುಮಾನ.

ನಾನು ಜಿಪ್ಪು ಎಳೆದು ತೋರಿಸಿದೆ. ಆಮೇಲೆ ಬಸ್ಸಿನ ಹಿಂದಿನ ನಾಲ್ಕು ಸೀಟಿನವರು ಬೆಕ್ಕಿನ ಆಟವನ್ನು ಮೂರು ಸಲ ಆಡಿಸಿದರು. ತೆಲುಗಿನಲ್ಲಿ ಬೆಕ್ಕನ್ನು ಹೇಗೆ ಬಯ್ಯಬೇಕೆಂದು ಒಬ್ಬ ಮುದುಕಿ ನನಗೆ ಪಾಠ ಮಾಡಿದಳು. ಅದು ಬಹಳ ಒಳ್ಳೆಯ ಬೈಗುಳ, ಇಲ್ಲಿ ಬರೆಯುವಂತಿಲ್ಲ. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು, ಭುಜ ಅಲುಗುತ್ತಿದ್ದುದರಿಂದ ನಗುತ್ತಿದ್ದಾರೆಂದು ಗೊತ್ತಾಯಿತು.

ಪುಟ್ಟಮ್ಮಜ್ಜಿ ಹುಳುಮನೆಯಲ್ಲಿದ್ದಳು. ಪೊರೆ ಕಳಚಲು ಮಲಗುವ ನಾಲ್ಕನೆಯ ‘ಜ್ವರ’ದಿಂದ ಎದ್ದ ಹುಳುಗಳು ಹಗಲೂ ರಾತ್ರಿ ತಿನ್ನುವ ಕಾಲ ಅದು. ಆ ದಿನಗಳಲ್ಲಿ ಹೊರಗಿನಿಂದ ಬಂದವರನ್ನು ಹುಳುಮನೆಯೊಳಗೆ ಬಿಡುವುದಿಲ್ಲ, ಹುಳುವಿಗೆ ರೋಗ ತಗಲುತ್ತದೆಂಬ ಭಯ. ಅಳಿಯನಾಗಲಿ ಮೊಮ್ಮಗಳಾಗಲಿ ಹೊರಗೇ. ಅವಳು ಬಾಗಿಲ ಜಾಲರಿಯ ಆಚೆ ಹಿಪ್ಪುನೇರಳೆ ಸೊಪ್ಪು ಹರವುತ್ತ, ನಮ್ಮ ಕಡೆ ನೋಡದೆ ಕೇಳಿದಳು.

“ಏನ್ ಬಂದಿದ್ದು?”

ಅಪ್ಪ ನನ್ನನ್ನು ಮುಂದೆ ತಳ್ಳಿ ತಾವು ಬೇವಿನ ಮರದ ಕಡೆ ಹೋಗಿಬಿಟ್ಟರು. ನಾನು ಹೊಸ್ತಿಲಾಚೆ ಕುಳಿತು ಜಿಪ್ಪು ಎಳೆದೆ. ಬೆಕ್ಕಿನ ಆಟಕ್ಕೆ ಅವಳು ನಗಲಿಲ್ಲ. ಗೂಡಜ್ಜಿ ಬಂದಾಗ ಮಾತ್ರ ಜಾಲರಿಯ ಹತ್ತಿರ ಬಂದು ಬಗ್ಗಿ ನೋಡಿದಳು.

“ಇದ್ಯಾರೇ, ನಾನಾ? ಇಷ್ಟು ದಪ್ಪ ಇವ್ನಾ?”

ಆಮೇಲೆ ಕೋನಜ್ಜಿ ತನ್ನ ಮಾತು ಹೇಳಿದಳು. ಮುಂಗೈ ಬಾತದ್ದು, ರೊಟ್ಟಿ ತಟ್ಟಲಾಗದ್ದು, ಕೇಳದೆ ಕೊಟ್ಟದ್ದು ತಪ್ಪೆಂದು. ಪುಟ್ಟಮ್ಮಜ್ಜಿಯ ಕೈಯಲ್ಲಿದ್ದ ಸೊಪ್ಪು ಹಾಗೇ ಇತ್ತು.

“ಕೈ ಊದಿತ್ತಾ? ನನ್ ಮಗಳ ಕೈಯಾ?”

“ಹೂಂ ಅಜ್ಜಿ.”

ಅವಳು ಜಾಲರಿಯ ಆಚೆ ನೆಲಕ್ಕೆ ಕುಳಿತಳು. ಹಸಿದ ಹುಳುಗಳು ಅವಳ ಹಿಂದೆ ತಲೆ ಎತ್ತಿ ಕಾಯುತ್ತಿದ್ದವು. ಅವಳು ಹುಳುಗಳನ್ನು ಕಾಯಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಆ ಹಿಡಿ ಬಿಗಿ ಇತ್ತು ಕಣೆ ಮಗ. ನಂಗೊತ್ತಿತ್ತು. ಅದು ಹೊಸಾದಲ್ಲ. ಪೇಟೆ ದರ್ಜಿಯೊಬ್ಬ ಇಪ್ಪತ್ತು ವರ್ಷ ತಿರುಗ್ಸಿ ಬಿಟ್ಟಿದ್ದು. ಬಣ್ಣ ಹೊಡೆಸಿ ಹೂವು ಬರೆಸಿದ್ದೆ. ರಾಯದುರ್ಗದೋರ ಮುಂದೆ ನನ್ ಮಗಳು ಸಣ್ಣೋಳಾಗ್ಬಾರ್ದು ಅಂತ ಹೊಸಾದು ಅಂದೆ. ಅನ್ತಾ ಅನ್ತಾ ನಂಗೇ ಹೊಸಾದು ಅನ್ನಂಗಾಗಿತ್ತು.”

ನಾನು ಗೂಡಜ್ಜಿಯ ಕಡ್ಡಿ ಹಿಡಿದುಕೊಂಡೆ. ಪುಟ್ಟಮ್ಮಜ್ಜಿ ತಕ್ಷಣ ಬೆರಳು ಎತ್ತಿದಳು.

“ಬ್ಯಾಡ. ಇದನ್ನ ಆ ಗೂಡಿನ ಕೈಲಿ ಹೇಳಿಸ್ಬ್ಯಾಡ. ಹುಳ ಗೂಡು ಕಟ್ಲಿ. ನಾನೇ ಬಂದು ಹೇಳ್ತೀನಿ.”

ಹದಿನೈದು ದಿನ ನಾನು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ನಮ್ಮ ಮನೆಯಲ್ಲಿ ಬೆಳೆದ ನನಗೆ ಅದು ಎಷ್ಟು ಕಷ್ಟವೆಂದು ಈಗಾಗಲೇ ಹೇಳಿದ್ದೇನೆ. ಕರೆಂಟು ಹೋಗುವ ಹೊತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಹಲ್ಲುನೋವೇನೆಂದು ಮಾಬೂ ಮಾಮ ಲವಂಗ ಕೊಟ್ಟರು.

ಹೇಳಿದಂತೆ ಪುಟ್ಟಮ್ಮಜ್ಜಿ ಬಂದಳು. ಬಸ್ಸಿಳಿದು ಹತ್ತು ಗಂಟೆಯ ಬಿಸಿಲಿನಲ್ಲಿ ನಡೆದು ಬಂದು, ಬೆವರಿನಲ್ಲಿ ಅರಿಶಿನ ಇಳಿಯುತ್ತಿದ್ದ ಮುಖ ಹೊತ್ತು ಪಡಸಾಲೆಯಲ್ಲಿ ನಿಂತಳು. ಅವ್ವ ನೀರು ತಂದಳು. ಅವಳು ಮುಟ್ಟಲಿಲ್ಲ. ಬಸಮ್ಮಜ್ಜಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ, ರೊಟ್ಟಿ ತಟ್ಟುವ ಸದ್ದು ಮಾತ್ರ ಬರುತ್ತಿತ್ತು. ಅಪ್ಪ ಮಷೀನುಗಳ ಸ್ವಿಚ್ಚು ಆರಿಸಿದರು. ಕರೆಂಟಿದ್ದೂ ನಮ್ಮ ಮನೆ ಮೌನವಾದದ್ದು ಅವತ್ತು.

“ಗೌರಿ, ಪೆಟ್ಟಿಗೆ ತಾ” ಎಂದಳು ಪುಟ್ಟಮ್ಮಜ್ಜಿ.

ನಾನು ತಂದಿಟ್ಟು ಜಿಪ್ಪು ಎಳೆದೆ. ಅವಳು ನೆಲಕ್ಕೆ ಕುಳಿತು ಗೂಡಜ್ಜಿಯ ಕಡ್ಡಿಯನ್ನು ತಾನೇ ಹಿಡಿದಳು.

“ಆ ಮಿಷನ್ನು...” ಎಂದಳು. ಮತ್ತೆ, “ಆ ಮಿಷನ್ನು ನಾನು...” ಎಂದು ನಿಂತಳು. ಟೇಲರುಗಳು ನೆಲ ನೋಡುತ್ತಿದ್ದರು. ರೊಟ್ಟಿಯ ಸದ್ದು ನಿಂತಿತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಸಮ್ಮಜ್ಜಿ ಬಂದು, ಬೀಗಿತ್ತಿಯ ಪಕ್ಕ ಮಂಡಿಯೂರಿ ಕುಳಿತು ಕೋನಜ್ಜಿಯ ಕಡ್ಡಿ ಹಿಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಪೆಟ್ಟಿಗೆಯೊಳಗೇ ನೋಡುತ್ತಿದ್ದರು.

“ಬರ್ರಿ ಬೀಗರ” ಎಂದಳು ಕೋನಜ್ಜಿ. “ಬಿಸಲಾಗ ಬಂದೀರಿ.”

“ಆ ಮಿಷನ್ನು ಹಳೇದು ಕಣಮ್ಮ” ಎಂದಳು ಗೂಡಜ್ಜಿ ಒಂದೇ ಉಸಿರಿಗೆ. “ಸುಳ್ಳು ಹೇಳಿದ್ದೆ.”

“ಗೊತ್ತಿತ್ತು ಬಿಡ್ರಿ.”

ಪುಟ್ಟಮ್ಮಜ್ಜಿಯ ಕೈಯಿಂದ ಕಡ್ಡಿ ಜಾರಿತು. ಗೂಡಜ್ಜಿ ಪೆಟ್ಟಿಗೆಯೊಳಗೆ ಬೆಕ್ಕಿನ ಮೇಲೆ ಬಿದ್ದಳು.

“ಗೊತ್ತಿತ್ತಾ?”

“ತಗೊಂಡು ಹೋದಾವ ಉಗುರಿಲೆ ಕೆರೆದು ತೋರಿಸಿದ. ಕರೇ ಬಣ್ಣದ ಕೆಳಗ ಹಸಿರು, ಹಸಿರಿನ ಕೆಳಗ ಮತ್ತ ಕರೇದು. ಯಾರ ಮುಂದೂ ಅನಬ್ಯಾಡಪ್ಪ ಅಂತ ಹೇಳಿ ಒಂದು ತಂಬಿಗಿ ಮಜ್ಜಿಗಿ ಕುಡಿಸಿ ಕಳಿಸಿದೆ.”

“ಮತ್ತೆ ಯುಗಾದಿ ದಿವ್ಸ ನಾನು ಇಷ್ಟು ಜನದ ಮುಂದೆ ಹೊಸಾ ಮಿಷನ್ನು ಹೊಸಾ ಮಿಷನ್ನು ಅಂತ ಬಾಯಿ ಬಡ್ಕೊಂಡಾಗ ಅದ್ಯಾಕೆ ಸುಮ್ನಿದ್ರಿ?”

ಬಸಮ್ಮಜ್ಜಿ ಕೋನಜ್ಜಿಯನ್ನು ಸ್ವಲ್ಪ ಹೊತ್ತು ಅತ್ತಿತ್ತ ಅಲ್ಲಾಡಿಸಿದಳು. ನಾನು ಮಾತು ಸಿಗದೆ ಅಲ್ಲಾಡಿಸಿದ್ದೆನಲ್ಲ, ಹಾಗೆಯೇ.

“ಮಗಳು ಅಲ್ಲೇ ನಿಂತಿದ್ಲಲ್ರೀ. ಆಕಿ ಮುಂದ ಆಕಿ ತಾಯಿನ್ನ ಹೆಂಗ ಸಣ್ಣಾಕಿ ಮಾಡ್ಲಿ?”

ಆಗ ನನಗೆ ಬಾಯಿ ತೆರೆದು ಮುಚ್ಚಿದ ಬಸಮ್ಮಜ್ಜಿ ನೆನಪಾದಳು. ಅದನ್ನು ಸೊಕ್ಕು ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಒಂದು ಮಾತಿನಲ್ಲಿ ಗೆಲ್ಲಬಹುದಾಗಿದ್ದ ಜಗಳ ಅದು. ಅವಳು ಇಷ್ಟು ದಿನ ಸೊಸೆಯ ಮುನಿಸನ್ನೂ ಓಣಿಯ ಮಾತನ್ನೂ ತಾನೇ ಹೊತ್ತುಕೊಂಡಿದ್ದಳು. ಅವ್ವ ತನ್ನ ಮಷೀನಿನ ಹಿಂದೆ ನಿಂತು ಒಮ್ಮೆ ತಾಯಿಯನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಆಮೇಲೆ ಅವಳಿಗೆ ನಗು ಬಂತು. ಮೂರು ಪದರ ಬಣ್ಣ ಎಂದು ಹೇಳಿಕೊಂಡು ಹೇಳಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

ಪುಟ್ಟಮ್ಮಜ್ಜಿ ಗೂಡಜ್ಜಿಯನ್ನು ಎತ್ತಿಕೊಳ್ಳದೆ, ಬಸಮ್ಮಜ್ಜಿಯ ಮುಖ ನೋಡಿ ತನ್ನ ದನಿಯಲ್ಲೇ ಕೇಳಿದಳು.

“ಗಂಟ್ಲು ಒಣಗೈತೆ. ನಂಗೂ ಒಂದ್ ಚೊಂಬು ಮಜ್ಜಿಗೆ ಕೊಡಮ್ಮ.”

ಬಸಮ್ಮಜ್ಜಿ ಎದ್ದು ಒಳಗೆ ಓಡಿದಳು ಎನ್ನುವಷ್ಟು ಬೇಗ ಹೋದಳು. ಮರುಕ್ಷಣವೇ ಅಡುಗೆಮನೆಯಿಂದ ಕಿರುಚಿದಳು. ಮುಚ್ಚಳವಿಲ್ಲದ ಗಡಿಗೆಯನ್ನು ಬೆಕ್ಕು ಉರುಳಿಸಿ ತಳ ನೆಕ್ಕುತ್ತಿತ್ತು. ಪುಟ್ಟಮ್ಮಜ್ಜಿಯೂ ಓಡಿದಳು. ಇಬ್ಬರೂ ಸೇರಿ, ಒಬ್ಬಳು ಬಳ್ಳಾರಿ ಕಡೆಯ ಮಾತಿನಲ್ಲಿ, ಇನ್ನೊಬ್ಬಳು ಮಡಕಶಿರ-ಸಿರಾ ಕಡೆಯ ಮಾತಿನಲ್ಲಿ, ಬೆಕ್ಕನ್ನು ಹಿತ್ತಲಿನವರೆಗೂ ಬಯ್ದು ಅಟ್ಟಿದರು. ಬಸ್ಸಿನಲ್ಲಿ ಕಲಿತ ತೆಲುಗು ಬೈಗುಳವನ್ನು ನಾನೂ ಸೇರಿಸಿದೆ, ಯಾರೂ ಗದರಲಿಲ್ಲ.

“ಮಜ್ಜಿಗಿ ಹೋತಲ್ರೀ ಬೀಗರ” ಎಂದಳು ಬಸಮ್ಮಜ್ಜಿ, ಖಾಲಿ ಗಡಿಗೆ ಹಿಡಿದುಕೊಂಡು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಹೋಗ್ಲಿ ಬಿಡಮ್ಮ” ಎಂದಳು ಪುಟ್ಟಮ್ಮಜ್ಜಿ. “ನೀರೇ ಕೊಡು.”

ಬಸಮ್ಮಜ್ಜಿ ಮಡಕೆಯಿಂದ ತುಂಬಿಸಿ ಕೊಟ್ಟಳು. ಪುಟ್ಟಮ್ಮಜ್ಜಿ ನಿಂತಲ್ಲೇ ಚೊಂಬನ್ನು ಎತ್ತಿ, ಗಟಗಟನೆ, ನಮ್ಮೆಲ್ಲರಿಗೂ ಕೇಳುವ ಹಾಗೆ, ಕೊನೆಯ ಹನಿಯವರೆಗೂ ಕುಡಿದಳು.